ಆ ಡ್ರಮ್ಮಿಗೆ ಹೊಸ ಹೊಳಪು ಬೇಡ, ಮಗಳೇ

ಪ್ರೀತಿಯ ಮಗಳೇ,

ನಿನ್ನ ಸಂದೇಶ ಓದಿದೆ. ಈ ಸಲದ ನನ್ನ ಹುಟ್ಟುಹಬ್ಬಕ್ಕೆ ಆ ಹಳೆಯ ಸ್ನೇರ್ ಡ್ರಮ್ಮಿಗೆ, ಕೆಳಗೆ ತಂತಿ ಬಿಗಿದ ಆ ಚಿಕ್ಕ ಡ್ರಮ್ಮಿಗೆ, ಹೊಸದಾಗಿ ಕ್ರೋಮ್ ಹಾಕಿಸಿಕೊಡುತ್ತೇನೆ ಎಂದು ಬರೆದಿದ್ದೀಯ. ಆ ಕೆಲಸ ಮಾಡುವವರನ್ನು ಹುಡುಕಿ, ವಿಚಾರಿಸಿ, ಎಷ್ಟು ದಿನ ಬೇಕು ಅಂತಲೂ ಕೇಳಿಟ್ಟಿದ್ದೀಯ. ನೀನು ಇಷ್ಟು ಯೋಚಿಸಿದ್ದು ಕಂಡು ಮನಸ್ಸು ತುಂಬಿ ಬಂತು. ಆದರೆ ಆ ಕೆಲಸ ಮಾತ್ರ ಬೇಡ. ಫೋನಿನಲ್ಲಿ ಬೇಡ ಅಂದು ಸುಮ್ಮನಾದರೆ ನಿನಗೆ ನೋವಾಗುತ್ತದೆ. ಯಾಕೆ ಬೇಡ ಅನ್ನುವುದು ಒಂದು ಕರೆಯಲ್ಲಿ ಮುಗಿಯುವ ಮಾತೂ ಅಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮೊದಲು ಲೋಹದ ವಿಷಯ ಹೇಳಿಬಿಡುತ್ತೇನೆ. ಆ ಡ್ರಮ್ಮಿನ ಮೈ, ಅಂದರೆ ಶೆಲ್, ಅಲ್ಯೂಮಿನಿಯಂ, ಹೊಳೆಯುವುದು ಅದರ ಮೇಲಿನ ಕ್ರೋಮ್. ಅಲ್ಯೂಮಿನಿಯಂ ಗಾಳಿ ತಾಗಿದ ಕೂಡಲೇ ತನ್ನ ಮೈಮೇಲೆ ತೆಳುವಾದ ಆಕ್ಸೈಡ್ ಪೊರೆ ಬೆಳೆಸಿಕೊಳ್ಳುತ್ತದೆ. ಆ ಪೊರೆಯ ಮೇಲೆ ಬೇರೆ ಲೋಹ ಗಟ್ಟಿಯಾಗಿ ಕೂರುವುದಿಲ್ಲ. ಹಾಗಾಗಿ ಅದನ್ನು ತೊಳೆದು ತೆಗೆದು, ನಡುವೆ ಬೇರೆ ಲೋಹದ ಪದರಗಳನ್ನು ಕೊಟ್ಟು, ಕೊನೆಗೆ ಕ್ರೋಮ್ ಏರಿಸಬೇಕು. ಇಷ್ಟೆಲ್ಲ ಆದಮೇಲೂ ಬೆವರು, ತೇವ ವರ್ಷಗಟ್ಟಲೆ ಸಣ್ಣ ಸಣ್ಣ ರಂಧ್ರಗಳಲ್ಲಿ ಇಳಿದರೆ ಒಳಗಿನ ಅಲ್ಯೂಮಿನಿಯಂ ಸವೆಯತೊಡಗುತ್ತದೆ. ಮೊದಲು ಚುಕ್ಕೆ, ಆಮೇಲೆ ಗುಳ್ಳೆ, ಆಮೇಲೆ ಹೆಕ್ಕಳಿಕೆ ಏಳುತ್ತದೆ. ಇದರಲ್ಲಿ ಯಾರ ತಪ್ಪೂ ಇಲ್ಲ, ಎರಡು ಲೋಹಗಳ ಸ್ವಭಾವ ಅಷ್ಟೇ. ಆ ಕಾಲದ ಅಲ್ಯೂಮಿನಿಯಂ ಸ್ನೇರ್‌ಗಳು ನುಡಿಸುವವರ ಕೈಯಲ್ಲೇ ಉಳಿದಿದ್ದರೆ ಬಹುಮಟ್ಟಿಗೆ ಹೀಗೇ ಕಾಣುತ್ತವೆ.

ಈಗ ಹೊಸ ಕ್ರೋಮ್ ಹಾಕಬೇಕಾದರೆ ಹಳೆಯದನ್ನು ಪೂರ್ತಿ ಕಿತ್ತು ತೆಗೆಯಬೇಕು. ಅಲ್ಯೂಮಿನಿಯಂ ಆಮ್ಲಕ್ಕೂ ಕರಗುತ್ತದೆ, ಕ್ಷಾರಕ್ಕೂ ಕರಗುತ್ತದೆ. ಕ್ರೋಮ್ ತೆಗೆಯಲು ಹೋದರೆ ಶೆಲ್ಲಿಗೂ ಪೆಟ್ಟು ಬೀಳುತ್ತದೆ. ಗುಳಿ ಬಿದ್ದ ಜಾಗ ಸಮ ಮಾಡಲು ಉಜ್ಜಬೇಕು, ಉಜ್ಜಿದಷ್ಟೂ ಲೋಹ ತೆಳ್ಳಗಾಗುತ್ತದೆ. ಹೆಡ್, ಅಂದರೆ ಬಿಗಿದ ಹಾಳೆ, ಕೂರುವ ಅಂಚು ಇದೆಯಲ್ಲ, ಬೇರಿಂಗ್ ಎಡ್ಜ್, ಅದರ ದುಂಡು ಒಂದು ಕೂದಲೆಳೆಯಷ್ಟು ಬದಲಾದರೂ ನಾದ ಬದಲಾಗುತ್ತದೆ. ಕೆಳಗಿನ ಅಂಚಿನಲ್ಲಿ ತಂತಿ ಹಾಯುವ ಕಡೆ ಸ್ವಲ್ಪ ತಗ್ಗು ಮಾಡಿರುತ್ತಾರೆ. ತಂತಿ ಹೆಡ್ಡಿಗೆ ಅಪ್ಪಿ ಕೂರುವುದು ಆ ತಗ್ಗಿನಿಂದ. ಪಾಲಿಶ್ ಚಕ್ರಕ್ಕೆ ಅದು ತಗ್ಗೋ ಗುಳಿಯೋ ಗೊತ್ತಾಗುವುದಿಲ್ಲ. ಕೊಡಲೇಬೇಕು ಅನ್ನಿಸಿದರೆ 14 ಇಂಚಿನ ಕೋಟೆಡ್ ಹೆಡ್ ಒಂದು ತಾ. ಈಗಿನದರ ನಡುವೆ ಬಿಳಿ ಲೇಪವೆಲ್ಲ ಎದ್ದುಹೋಗಿದೆ, ಕಡ್ಡಿಯ ಬದಲು ತಂತಿಯ ಬ್ರಷ್ ಆಡಿಸಿದರೆ ಸದ್ದೇ ಬರುವುದಿಲ್ಲ.

ಇದಿಷ್ಟೇ ಕಾರಣವಾಗಿದ್ದರೆ ನಾಲ್ಕು ಸಾಲಿನಲ್ಲಿ ಮುಗಿಸುತ್ತಿದ್ದೆ. ಶೆಲ್ಲಿಗೆ ಚೂರೂ ಧಕ್ಕೆಯಾಗದೆ ಹೊಳಪು ಬರುತ್ತದೆ ಅಂದರೂ ನಾನು ಒಪ್ಪುತ್ತಿರಲಿಲ್ಲ. ಆ ಕಾರಣವೇ ಬೇರೆ.

ಆ ಡ್ರಮ್ ನನಗಿಂತ ಮುಂಚೆ ಒಬ್ಬ ಹಿರಿಯ ವಾದಕರದ್ದಾಗಿತ್ತು. ಮಣಿಕಟ್ಟಿನ ನೋವಿನಿಂದ ಅವರು ನುಡಿಸುವುದನ್ನು ನಿಲ್ಲಿಸಿದ್ದರು. ಕೊಳ್ಳಲು ಹೋದಾಗ ನಾನು ಹುಡುಗ. ಅವರು ಡ್ರಮ್ ಬಗ್ಗೆ ಹೊಗಳಿಕೆಯ ಒಂದು ಮಾತೂ ಆಡಲಿಲ್ಲ. ಕೀ ತೆಗೆದುಕೊಂಡು ಹತ್ತೂ ಲಗ್‌ಗಳ, ಅಂದರೆ ಹೆಡ್ ಬಿಗಿಯುವ ರಾಡ್‌ಗಳು ಕೂರುವ ಹಿಡಿಕೆಗಳ, ಹತ್ತಿರ ಬೆರಳಿನಿಂದ ತಟ್ಟಿ ತಟ್ಟಿ, ಎದುರುಬದುರು ತಿರುಗಿಸಿ, ಶ್ರುತಿ ಮಾಡಿ ಕೊಟ್ಟರು. 'ರಿಮ್‌ಶಾಟ್ ಬೀಳೋ ಕಡೆ ಇರೋ ರಾಡ್ ಸಡಿಲ ಆಗ್ತಾ ಇರತ್ತೆ, ಎರಡು ಹಾಡಿಗೊಂದ್ಸಲ ನೋಡ್ಕೋ' ಅಂದರು. ರಿಮ್‌ಶಾಟ್ ಅಂದರೆ ಹೆಡ್ಡನ್ನೂ ಅದರ ಸುತ್ತಲಿನ ಲೋಹದ ಬಳೆಯನ್ನೂ, ಅಂದರೆ ರಿಮ್ಮನ್ನೂ, ಒಟ್ಟಿಗೆ ಹೊಡೆಯುವ ಏಟು. ಆಮೇಲೆ ತಂತಿ ಸಡಿಲಿಸಿ, ಬಟ್ಟೆಯಲ್ಲಿ ಸುತ್ತಿ ಕೈಗಿಟ್ಟರು. ಆ ಮೇಲೆ ಅವರನ್ನು ನಾನು ನೋಡಲಿಲ್ಲ.

ನೀನು ಮುಂದಿನ ಸಲ ಬಂದಾಗ ಮೇಲಿನ ರಿಮ್ಮಿನ ಮೇಲೆ ಬೆರಳಾಡಿಸಿ ನೋಡು. ಎರಡು ಕಡೆ ಲೋಹ ತಗ್ಗಿದೆ. ಒಂದು ಕಡೆಯದು ನಾನು ಮಾಡಿದ್ದು. ಇನ್ನೊಂದು, ನಾಲ್ಕು ಬೆರಳಿನಷ್ಟು ಆಚೆಗೆ, ಅವರದ್ದು. ಅವರು ಸ್ಟ್ರೇನರ್, ಅಂದರೆ ತಂತಿ ಬಿಗಿಮಾಡಿ ಸಡಿಲಿಸುವ ಸಾಧನ, ಅದರ ಹಿಡಿಯನ್ನು ತಮ್ಮ ಎಡ ಮೊಣಕಾಲಿನ ಕಡೆಗೆ ಇಟ್ಟು ಕೂರುತ್ತಿದ್ದರು ಅಂತ ಕಾಣುತ್ತದೆ. ನಾನು ಅದನ್ನು ನೇರ ಹೊಟ್ಟೆಯ ಕಡೆಗೆ ಇಡುತ್ತೇನೆ. ಹಾಗಾಗಿ ಒಂದೇ ಏಟು, ಒಂದೇ ಕೋನ, ಆದರೆ ಗುರುತು ಬಿದ್ದ ಜಾಗ ಬೇರೆ. ಒಬ್ಬ ಮನುಷ್ಯ ಹೇಗೆ ಕೂರುತ್ತಿದ್ದ ಅನ್ನುವುದು ಒಂದು ಬಳೆಯ ಮೇಲೆ ಉಳಿದಿದೆ. ಮೇಲಿನ ಹೆಡ್ ತೆಗೆದು ಒಳಗೆ ನೋಡಿದರೆ ಇನ್ನೊಂದು ಕಾಣುತ್ತದೆ. ಯಾರೋ ಮೊಳೆಯಲ್ಲಿ ಗೀಚಿದ ಎರಡು ಅಕ್ಷರ. ಅದು ಆ ಹಿರಿಯರ ಹೆಸರಿಗೆ ಹೊಂದುವುದಿಲ್ಲ. ಅಂದರೆ ಅವರಿಗಿಂತ ಹಿಂದೆ ಇನ್ನೊಬ್ಬರು. ಹೆಡ್ ಬದಲಿಸುವಾಗಲೆಲ್ಲ ಆ ಅಕ್ಷರಗಳ ಮೇಲೆ ಬಟ್ಟೆ ಆಡಿಸುತ್ತೇನೆ, ಒತ್ತಿ ಉಜ್ಜುವುದಿಲ್ಲ.

ಈ ಗುರುತುಗಳನ್ನು ತೆಗೆಸುವುದು ಬೇಡ ಮಗಳೇ. ನನ್ನದನ್ನು ಬೇಕಾದರೆ ತೆಗೆಸಬಹುದು, ಅದು ನನ್ನ ಹಕ್ಕು. ಉಳಿದವರದ್ದನ್ನು ತೆಗೆಸುವ ಹಕ್ಕು ನನಗಿಲ್ಲ ಅನ್ನಿಸುತ್ತದೆ.

ಡ್ರಮ್ಮಿನ ಊರು ಎಲ್ಲಿ ಅಂತ ನೀನು ಚಿಕ್ಕವಳಿದ್ದಾಗ ಕೇಳುತ್ತಿದ್ದೆ. ಅದರ ಹೊಟ್ಟೆಯ ಮೇಲಿನ ಹಿತ್ತಾಳೆ ಬಿಲ್ಲೆಯಲ್ಲೇ ಬರೆದಿದೆ: ಶಿಕಾಗೋ. ವಿಲಿಯಂ ಮತ್ತು ಥಿಯೋಬಾಲ್ಡ್ ಲುಡ್ವಿಗ್ ಎಂಬ ಅಣ್ಣತಮ್ಮಂದಿರು 1909ರಲ್ಲಿ ಅಲ್ಲಿ ಕೆಲಸ ಶುರುಮಾಡಿದರು. ಮೊದಲು ಮಾಡಿದ್ದು ಡ್ರಮ್ ಅಲ್ಲ, ಕಾಲಿನಿಂದ ದೊಡ್ಡ ಡ್ರಮ್ ಬಾರಿಸುವ ಪೆಡಲ್. ಈ ಸ್ನೇರ್ 'ಸುಪ್ರಾಫೋನಿಕ್' ಎಂಬ ಮಾದರಿಯದು. 14 ಇಂಚು ಅಗಲ, 5 ಇಂಚು ಎತ್ತರ, ಹತ್ತು ಲಗ್, ನಡುವೆ ಸುತ್ತಲೂ ಒಂದು ಉಬ್ಬು ಗೆರೆ. 1960ರ ದಶಕದ ಮೊದಮೊದಲು ಇದರ ಶೆಲ್ ಹಿತ್ತಾಳೆಯದ್ದಾಗಿತ್ತು. ಸ್ವಲ್ಪೇ ಸಮಯದಲ್ಲಿ ಅಲ್ಯೂಮಿನಿಯಂ ಬಂತು. ಅದೇ ಗಾತ್ರದ ಹಿತ್ತಾಳೆಯ ತೂಕದಲ್ಲಿ ಅಲ್ಯೂಮಿನಿಯಂ ಮೂರರಲ್ಲೊಂದು ಪಾಲೂ ಇಲ್ಲ. ಕೈಗೆ ಹಗುರ, ಕಿವಿಗೆ ಒಣ. ಏಟು ಬಿದ್ದ ಕೂಡಲೇ ಹೇಳಬೇಕಾದ್ದನ್ನು ಹೇಳಿ ಸುಮ್ಮನಾಗುತ್ತದೆ, ಎಳೆಯುವುದಿಲ್ಲ. ಧ್ವನಿಮುದ್ರಣದವರಿಗೆ ಅದು ಅಷ್ಟು ಇಷ್ಟವಾಗಿದ್ದಕ್ಕೆ ಇದೂ ಒಂದು ಕಾರಣ. ಲೆಡ್ ಜೆಪ್ಪೆಲಿನ್ ತಂಡದ ಜಾನ್ ಬೋನಮ್ ಇದೇ ಮನೆತನದ ಆರೂವರೆ ಇಂಚು ಎತ್ತರದ ಡ್ರಮ್ ನುಡಿಸುತ್ತಿದ್ದ.

1964ರ ಫೆಬ್ರವರಿ 9ರಂದು ಬೀಟಲ್ಸ್ ತಂಡ ಅಮೆರಿಕದ ಎಡ್ ಸಲಿವನ್ ಟಿವಿ ಕಾರ್ಯಕ್ರಮದಲ್ಲಿ ನುಡಿಸಿತು. ಸುಮಾರು ಏಳು ಕೋಟಿ ಜನ ನೋಡಿದರು. ಆ ತಂಡದ ಡ್ರಮ್ಮರ್ ರಿಂಗೋ ಸ್ಟಾರ್‌ನ ಮುಂದಿನ ದೊಡ್ಡ ಡ್ರಮ್ಮಿನ ಮೇಲೆ ಲುಡ್ವಿಗ್ ಎಂಬ ಹೆಸರು ಎದ್ದು ಕಾಣುತ್ತಿತ್ತು. ಅಲ್ಲಿಂದಾಚೆ ಬೇಡಿಕೆ ಎಷ್ಟು ಏರಿತೆಂದರೆ ಕಾರ್ಖಾನೆ ಹಗಲೂ ರಾತ್ರಿ ನಡೆಯಿತು. ಬಿಲ್ಲೆಗಳ ಮೇಲೆ ಕ್ರಮಸಂಖ್ಯೆ ಇದ್ದರೂ ಅವನ್ನು ಕ್ರಮವಾಗಿ ಅಂಟಿಸುವ ಗೋಜಿಗೆ ಹೋಗಲಿಲ್ಲ, ಕೈಗೆ ಸಿಕ್ಕಿದ್ದನ್ನು ಹಾಕಿದರು. ಸಂಖ್ಯೆ ನೋಡಿ ಇಂಥ ತಿಂಗಳಲ್ಲಿ ಹುಟ್ಟಿದ್ದು ಅಂತ ಖಚಿತವಾಗಿ ಹೇಳುವವರನ್ನು ನಂಬಬೇಡ.

ಆ ರಿಂಗೋನ ಒಂದು ಸಂಗತಿ ನನಗೆ ಬಹಳ ಆಪ್ತ. ಅವನ ಮೊದಲ ಲುಡ್ವಿಗ್ ಸೆಟ್ 2015ರಲ್ಲಿ ಹರಾಜಿಗೆ ಬಂತು. ಇಪ್ಪತ್ತು ಲಕ್ಷ ಡಾಲರಿಗೂ ಮೇಲೆ ಹೋಯಿತು. ಆದರೆ ಸ್ನೇರ್ ಮಾತ್ರ ಅದರಲ್ಲಿ ಇರಲಿಲ್ಲ. ಸೆಟ್ ಮೇಲೆ ಸೆಟ್ ಬದಲಾದರೂ ಅವನು ಅದೇ ಒಂದು ಸ್ನೇರ್ ಇಟ್ಟುಕೊಂಡು ಬಂದವನು. ಆ ಸೆಟ್ಟಿನ ಉಳಿದದ್ದನ್ನು ಮಾರಿದ, ಸ್ನೇರನ್ನು ಕೈಬಿಡಲಿಲ್ಲ. ಇದು ಹಣದ ಲೆಕ್ಕದಲ್ಲಿ ಅರ್ಥವಾಗುವ ಮಾತಲ್ಲ. ರೋಲಿಂಗ್ ಸ್ಟೋನ್ಸ್ ತಂಡದ ಡ್ರಮ್ಮರ್ ಚಾರ್ಲಿ ವಾಟ್ಸ್ ಕೂಡ ಹಾಗೆಯೇ. ಪ್ರಪಂಚದ ಯಾವ ಕಂಪನಿಯೂ ಅವನ ಮನೆ ಬಾಗಿಲಿಗೆ ಹೊಸ ಸೆಟ್ ತಂದಿಡುತ್ತಿತ್ತು. ಅವನು 1957ರ ಗ್ರೆಚ್ ಕಂಪನಿಯ ಸೆಟ್ ಒಂದನ್ನೇ ದೊಡ್ಡ ದೊಡ್ಡ ಮೈದಾನಗಳಿಗೆ ಹೊತ್ತುಕೊಂಡು ಹೋಗಿ ನುಡಿಸಿದ.

ಇವರೆಲ್ಲ ಯಾಕೆ ಹೀಗೆ ಮಾಡಿದರು? ಹಳೆಯ ಡ್ರಮ್ಮಿನ ನಾದ ಹೆಚ್ಚು ಇಂಪೇ? ಈ ಪ್ರಶ್ನೆಗೆ ನಾನು ಬಹಳ ಯೋಚಿಸಿದ್ದೇನೆ. ನನ್ನ ಉತ್ತರ ನಿನಗೆ ಆಶ್ಚರ್ಯ ತರಬಹುದು. ಮರದ ಶೆಲ್ ವರ್ಷ ಕಳೆದಂತೆ ಒಣಗಿ ಪಕ್ವವಾಗುತ್ತದೆ ಅನ್ನುವವರಿದ್ದಾರೆ, ಅದು ಅವರ ವಾದ. ಅಲ್ಯೂಮಿನಿಯಂ ಮಾಗುವುದಿಲ್ಲ. ನನ್ನ ಡ್ರಮ್ ಹೊಸದಾಗಿದ್ದಾಗ ಹೇಗೆ ನುಡಿಯುತ್ತಿತ್ತೋ ಈಗಲೂ ಹಾಗೇ ನುಡಿಯುತ್ತಿರಬೇಕು. ಇವತ್ತು ತಯಾರಾದ ಅದೇ ಮಾದರಿಯ ಒಳ್ಳೆಯ ಡ್ರಮ್ಮನ್ನು ಪಕ್ಕದಲ್ಲಿಟ್ಟು, ಅದೇ ಹೆಡ್ ಹಾಕಿ, ಅದೇ ಬಿಗಿತಕ್ಕೆ ತಂದರೆ ಕೂತು ಕೇಳುವವರಿಗೆ ವ್ಯತ್ಯಾಸ ತಿಳಿಯುವುದು ಕಷ್ಟ. ಇದನ್ನು ಒಪ್ಪಿಕೊಂಡೇ ನಾನು ಅದನ್ನು ಪ್ರೀತಿಸುತ್ತೇನೆ.

ಇನ್ನೂ ಒಂದು ಮಾತು. ಆ ಡ್ರಮ್ಮಿನಲ್ಲಿ ಹಳೆಯದು ಅನ್ನುವುದು ಎಷ್ಟಿದೆ? ಹೆಡ್‌ಗಳನ್ನು ಎಷ್ಟೋ ಸಲ ಬದಲಿಸಿದೆ. ಕೆಳಗಿನ ಇಪ್ಪತ್ತೆಳೆ ತಂತಿ ಹೊಸದು. ಸ್ಟ್ರೇನರ್ ಹೊಸದು. ಕೆಲವು ರಾಡ್‌ಗಳೂ ಹೊಸವು. ನಿಜವಾಗಿ ಕಂಪಿಸುವುದು ಹೆಡ್ ಮತ್ತು ತಂತಿ, ಅವೆರಡೂ ನಿನ್ನೆ ಮೊನ್ನೆಯವು. ಡ್ರಮ್ ಅಂದರೆ ಹಾಗೇ. ಹಿಂದೆ ಕರುವಿನ ಚರ್ಮದ ಹೆಡ್ ಇದ್ದಾಗಲೂ ಅದು ಹರಿಯುತ್ತಿತ್ತು, ಬದಲಾಗುತ್ತಿತ್ತು. ತೇವ ಹೆಚ್ಚಾದರೆ ಜೋತುಬಿದ್ದು ಸದ್ದು ಸತ್ತುಹೋಗುತ್ತಿತ್ತು, ಗಾಳಿ ಒಣಗಿದರೆ ಬಿಗಿದು ಏರುತ್ತಿತ್ತು. 1950ರ ದಶಕದ ಕೊನೆಗೆ ಚಿಕ್ ಇವಾನ್ಸ್, ರೆಮೋ ಬೆಲಿ ಮುಂತಾದವರು ಪಾಲಿಯೆಸ್ಟರ್ ಹಾಳೆಯ ಹೆಡ್ ತಂದಮೇಲೆ ಆ ಕಾಟ ಹೋಯಿತು. ಬಾರಿಸಿದ್ದು ಸವೆಯುತ್ತದೆ, ಸವೆದದ್ದು ಹೋಗುತ್ತದೆ. ಉಳಿಯುವುದು ಶೆಲ್. ಅದು ತಾನಾಗಿ ನುಡಿಯುವುದು ಕಡಿಮೆ. ಹೆಡ್‌ಗಳೆರಡನ್ನೂ ಎದುರುಬದುರು ಹಿಡಿದು ನಿಲ್ಲಿಸುತ್ತದೆ, ನಡುವಿನ ಗಾಳಿಗೆ ಮಿತಿ ಹಾಕುತ್ತದೆ.

ಹಾಗಾದರೆ ನಾನು ಅಂಟಿಕೊಂಡಿರುವುದು ಯಾವುದಕ್ಕೆ? ನನಗೆ ತಿಳಿದ ಮಟ್ಟಿಗೆ ಹೇಳುತ್ತೇನೆ. ವೀಣೆ, ಕೊಳಲಿನ ಸ್ವರದಲ್ಲಿ ಮೂಲ ಕಂಪನದ ಜೊತೆಗೇ ಏಳುವ ಮೇಲಿನ ಕಂಪನಗಳ ವೇಗ ಅದರ ಎರಡು ಪಟ್ಟು, ಮೂರು ಪಟ್ಟು ಅಂತ ಶಿಸ್ತಾಗಿ ಏರುತ್ತದೆ, ಕಿವಿಗೆ ಒಂದೇ ಸ್ವರವಾಗಿ ಕೇಳುತ್ತದೆ. ಬಿಗಿದ ಬರಿ ಹೆಡ್ಡಿನಲ್ಲಿ ಆ ಶಿಸ್ತು ಇಲ್ಲ. ಮೊದಲನೆಯದು 1 ಆದರೆ ಮುಂದಿನದು 1.59, ಅದರ ಮುಂದಿನದು 2.14, ಆಮೇಲೆ 2.30. ಒಂದಕ್ಕೊಂದು ಕೂಡುವುದಿಲ್ಲ. ಹಾಗಾಗಿ ಸ್ನೇರ್ ಡ್ರಮ್ಮನ್ನು ಶ್ರುತಿ ಮಾಡುವಾಗ ಇದೇ ಸರಿ ಅನ್ನುವ ಒಂದು ಸ್ವರ ಸಿಗುವುದಿಲ್ಲ. ಅಂಚಿನಿಂದ ಒಂದು ಇಂಚು ಒಳಗೆ ತಟ್ಟಿ, ಹತ್ತೂ ಕಡೆ ಒಂದೇ ಥರ ಕೇಳುವಂತೆ ಮಾಡಿ, ಆಮೇಲೆ ಎಲ್ಲಿ ನಿಲ್ಲಿಸಬೇಕು ಅನ್ನುವುದನ್ನು ಕಿವಿಯೇ ತೀರ್ಮಾನಿಸಬೇಕು. ನನ್ನ ಕಿವಿ ಆ ತೀರ್ಮಾನ ಕಲಿತದ್ದು ಈ ಡ್ರಮ್ಮಿನ ಮೇಲೆ. ಎಲ್ಲಿ ಹೆಚ್ಚು ಬಿಗಿದರೆ ಉಸಿರುಗಟ್ಟುತ್ತದೆ, ಎಲ್ಲಿ ತಂತಿ ಮಾತು ಬಿಟ್ಟು ಗೊಣಗತೊಡಗುತ್ತದೆ, ಎಷ್ಟು ಮೆತ್ತಗೆ ಹೊಡೆದರೂ ಇನ್ನೂ ಕೇಳುತ್ತದೆ ಅನ್ನುವುದೆಲ್ಲ ಇದರಿಂದಲೇ ತಿಳಿಯಿತು. ಘೋಸ್ಟ್ ನೋಟ್ ಅನ್ನುತ್ತೇವಲ್ಲ, ಕಡ್ಡಿ ತಾಗಿತೋ ಇಲ್ಲವೋ ಅನ್ನುವಷ್ಟು ಸಣ್ಣ ಏಟು, ಅದನ್ನು ನನ್ನ ಎಡಗೈ ಕಲಿತದ್ದೂ ಇಲ್ಲೇ. ಬೇರೆ ಡ್ರಮ್ಮಿನ ಮುಂದೆ ಕೂತಾಗಲೂ ನಾನು ಹುಡುಕುವುದು ಇದರ ಸದ್ದನ್ನೇ. ಡ್ರಮ್ ಬದಲಾಗಿಲ್ಲ, ನಾನು ಅದಕ್ಕೆ ತಕ್ಕಂತೆ ಆಗಿಹೋಗಿದ್ದೇನೆ. ದಾರಿ ತಿಳಿದ ಕಾಲು ಕತ್ತಲಲ್ಲೂ ಎಡವದೆ ಮನೆ ಸೇರುವ ಹಾಗೆ ಕೈ ಅಲ್ಲಿಗೆ ಹೋಗುತ್ತದೆ.

ನಿನ್ನ ಪಾಲೂ ಅದರಲ್ಲಿದೆ. ನೀನು ಕೈಗೂಸಾಗಿದ್ದಾಗ ನಾನು ಹಗಲು ರಬ್ಬರ್ ಪ್ಯಾಡಿನ ಮೇಲೆ ಸಾಧನೆ ಮಾಡುತ್ತಿದ್ದೆ, ಡ್ರಮ್ ಮೂಲೆಯಲ್ಲಿ ಇರುತ್ತಿತ್ತು. ತಂತಿ ಸಡಿಲಿಸಲು ಮರೆತ ದಿನ ನೀನು ಜೋರಾಗಿ ಅತ್ತರೆ ಅದು ತಾನೇ ಝುಂ ಅನ್ನುತ್ತಿತ್ತು. ಯಾವುದಾದರೂ ಸದ್ದು ಹೆಡ್ಡಿನ ಸ್ವರಕ್ಕೆ ಹತ್ತಿರ ಬಂದರೆ ಹೆಡ್ ಅದಕ್ಕೆ ಓಗೊಡುತ್ತದೆ, ತಂತಿ ನಡುಗುತ್ತದೆ. ವೇದಿಕೆಯ ಮೇಲೆ ಬಾಸ್ ಗಿಟಾರಿಗೆ ಹೀಗಾದಾಗ ಅದು ದೊಡ್ಡ ತಲೆನೋವು. ಮನೆಯಲ್ಲಿ ನಿನ್ನ ದನಿಗೆ ಅದು ನಡುಗಿದಾಗ ನಿನ್ನಮ್ಮ 'ನೋಡಿ, ಅದಕ್ಕೂ ಅಳು ಬಂತು' ಅನ್ನುತ್ತಿದ್ದಳು. ಸ್ವಲ್ಪ ದೊಡ್ಡವಳಾದಮೇಲೆ ನೀನೇ ಅದರ ಹತ್ತಿರ ಬಾಯಿಟ್ಟು ಹೂಂ ಅಂದು, ಅದು ಉತ್ತರ ಕೊಡುವುದನ್ನು ಕೇಳುತ್ತಾ ಕೂರುತ್ತಿದ್ದೆ. ಯಾವ ದನಿಗೆ ಹೆಚ್ಚು ನಡುಗುತ್ತದೆ ಅಂತ ನೀನೇ ಕಂಡುಹಿಡಿದಿದ್ದೆ. ನಿನಗೆ ನೆನಪಿದೆಯೋ ಇಲ್ಲವೋ, ನನಗಂತೂ ಇದೆ.

ಇಷ್ಟು ಹೇಳಿದ್ದರಿಂದ ನೀನು ತಪ್ಪು ತಿಳಿಯಬಾರದು. ಹಳೆಯದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಪೂಜಿಸುವವರ ಕಡೆ ನಾನಿಲ್ಲ. ಸಂಗ್ರಹಕಾರರಿಂದ ಒಳ್ಳೆಯದೂ ಆಗಿದೆ. ಯಾವ ಭಾಗ ಯಾವ ಕಾಲದ್ದು, ಯಾವ ಬಿಲ್ಲೆ ಮೊದಲು ಯಾವುದು ಆಮೇಲೆ ಅನ್ನುವುದನ್ನೆಲ್ಲ ಶ್ರದ್ಧೆಯಿಂದ ಬರೆದಿಟ್ಟವರು ಅವರೇ. ಆದರೆ ಗೀರು ಬೀಳಬಾರದು ಅಂತ ನುಡಿಸದೆ ಇಟ್ಟ ಡ್ರಮ್ ಕಂಡರೆ ನನಗೆ ಸಂಕಟವಾಗುತ್ತದೆ. ಸ್ಟ್ರೇನರ್ ಮುರಿದಾಗ ಅದೇ ಕಾಲದ ಮೂಲ ಭಾಗ ಸಿಗುವವರೆಗೆ ಕಾಯಿರಿ, ಬೇರೆಯದು ಹಾಕಿದರೆ ಬೆಲೆ ಬಿದ್ದುಹೋಗುತ್ತದೆ ಅಂತ ಗೆಳೆಯರು ಹೇಳಿದ್ದರು. ವಾರದ ಕೊನೆಗೆ ಕಾರ್ಯಕ್ರಮವಿತ್ತು. ಗಟ್ಟಿಯಾದ ಹೊಸದೊಂದು ಹಾಕಿಸಿ ನುಡಿಸಿದೆ. ಹೊಸ ರಂಧ್ರ ಕೊರೆಯಲು ಮಾತ್ರ ಬಿಡಲಿಲ್ಲ, ಹಳೆಯ ರಂಧ್ರಕ್ಕೇ ಹೊಂದುವಂಥದ್ದನ್ನು ಹುಡುಕಿದೆ. ನನ್ನ ನೇಮ ಇಷ್ಟೇ: ನುಡಿಸಲು ಬೇಕಾದದ್ದನ್ನು ಬದಲಿಸುವುದು, ನೋಟಕ್ಕಾಗಿ ಏನನ್ನೂ ಮುಟ್ಟದಿರುವುದು.

ಇದರ ಮುಂದಿನ ಮಾತು ಬರೆಯುವುದು ಸುಲಭವಲ್ಲ, ಆದರೆ ಈಗಲೇ ಬರೆದುಬಿಡುತ್ತೇನೆ. ನನ್ನ ಕೈ ನಿಂತಮೇಲೆ, ಅಥವಾ ನಾನೇ ಇಲ್ಲವಾದಮೇಲೆ, ಅಪ್ಪನ ನೆನಪು ಅಂತ ಅದನ್ನು ಕಪಾಟಿನ ಮೇಲೆ ಇಡಬೇಡ. ನೀನು ನುಡಿಸುವುದಾದರೆ ಅದಕ್ಕಿಂತ ಸಂತೋಷ ನನಗಿಲ್ಲ. ಆದರೆ ನುಡಿಸಲೇಬೇಕು ಅಂತ ನಿನ್ನ ತಲೆಯ ಮೇಲೆ ಭಾರ ಹೊರಿಸುವುದಿಲ್ಲ. ನಿನ್ನ ಆಸಕ್ತಿ ಬೇರೆ, ಅದು ಸರಿಯೇ. ಹೆಡ್ ಬಿಗಿದು ತಂತಿ ಹಾಗೇ ಬಿಟ್ಟು ವರ್ಷಗಟ್ಟಲೆ ಮೂಲೆಯಲ್ಲಿಟ್ಟರೆ ಧೂಳು ಕೂರುತ್ತದೆ, ರಾಡ್ ತುಕ್ಕು ಹಿಡಿಯುತ್ತದೆ, ನೀನು ಅದರ ಕಡೆ ನೋಡಿದಾಗಲೆಲ್ಲ ಏನೋ ಬಾಕಿ ಉಳಿದ ಹಾಗೆ ಅನ್ನಿಸುತ್ತದೆ. ನನ್ನ ಪ್ರೀತಿ ನಿನಗೆ ಹೊರೆಯಾಗುವುದು ನನಗೆ ಬೇಡ. ನನಗೆ ಮಾರಿದ ಆ ಹಿರಿಯರಿಗೂ ಅದು ಪ್ರೀತಿಯದೇ ಆಗಿತ್ತು. ಅವರು ಅದನ್ನು ಕೊಟ್ಟದ್ದರಿಂದಲೇ ಅದು ನನಗೆ ಸಿಕ್ಕಿತು.

ನುಡಿಸುವವರಿಗೆ ಕೊಡು. ಇಬ್ಬರು ಮೂವರು ನೋಡಲು ಬಂದರೆ, ಬಂದ ಕೂಡಲೇ ಕಡ್ಡಿ ಕೇಳುವವರು ಯಾರು ಅಂತ ಗಮನಿಸು. ಬಿಲ್ಲೆಯ ಸಂಖ್ಯೆಯನ್ನೇ ಮೊದಲು ಕೇಳುವವರು ಹೆಚ್ಚು ಕೊಡುತ್ತೇನೆ ಅಂದರೂ ಕಡ್ಡಿ ಕೇಳಿದವರಿಗೇ ಕೊಡು. ಅವರಿಗೆ ಒಂದನ್ನೂ ಮುಚ್ಚಿಡದೆ ಹೇಳಬೇಕು. ಸ್ಟ್ರೇನರ್ ಮೂಲದ್ದಲ್ಲ. ರಾಡ್‌ಗಳಲ್ಲಿ ಕೆಲವು ಬೇರೆಯವು, ತಲೆಯ ಆಕಾರ ನೋಡಿದರೆ ಗೊತ್ತಾಗುತ್ತದೆ. ರಿಮ್ ಎರಡೂ ಮೂಲದವೇ, ಮೇಲಿನದು ಎರಡು ಕಡೆ ತಗ್ಗಿದೆ. ರಿಮ್‌ಶಾಟ್ ಬೀಳುವ ಕಡೆಯ ರಾಡ್ ಸಡಿಲವಾಗುತ್ತದೆ. ಸಾಗಿಸುವಾಗ ತಂತಿಯ ಮೇಲೆ ಭಾರ ಇಡಬಾರದು, ಕೆಳಗಿನ ಹೆಡ್ ಬಹಳ ತೆಳು. ಕ್ರೋಮ್ ಎದ್ದ ಜಾಗವನ್ನು ಯಾವ ಪುಡಿಯಿಂದಲೂ ತಿಕ್ಕಬಾರದು, ಒಣ ಬಟ್ಟೆ ಸಾಕು. ಮುರಿದ ಹಳೆಯ ಸ್ಟ್ರೇನರ್ ಬೀರುವಿನ ಕೆಳಗಿನ ಖಾನೆಯಲ್ಲಿ ಕಾಗದದಲ್ಲಿ ಸುತ್ತಿಟ್ಟಿದ್ದೇನೆ, ಅದರ ಮೊಳೆಗಳೂ ಅಲ್ಲೇ ಇವೆ. ಅದನ್ನೂ ಡ್ರಮ್ಮಿನ ಜೊತೆಗೇ ಕೊಟ್ಟುಬಿಡು, ಬೇರೆ ಮಾರಬೇಡ.

ನಿನ್ನ,
ಅಪ್ಪ